ಹಿತ್ತಲ ಸ್ಟುಡಿಯೋಗೆ ಫೋಮ್ ಬೋರ್ಡ್: ಆರಿಸಿದ್ದು ಹೇಗೆ, ಕೂರಿಸಿದ್ದು ಹೇಗೆ

ಬೇಸಿಗೆಯ ಬಿಸಿ ತಡೆಯಲು ನನ್ನ ಹಿತ್ತಲ ಸ್ಟುಡಿಯೋದ ಸೂರಿಗೂ ಪಡುವಣ ಗೋಡೆಗೂ ಫೋಮ್ ಬೋರ್ಡ್ ಹಾಕಿದೆ. ಕೋಣೆ 12×10 ಅಡಿ. ಆರಿಂಚಿನ ಕಾಂಕ್ರೀಟ್ ಬ್ಲಾಕ್ ಗೋಡೆ, ಎಂಎಸ್ (ಸಾದಾ ಉಕ್ಕಿನ) ಪೈಪಿನ ನಾಲ್ಕು ಪರ್ಲಿನ್ (ಶೀಟು ಹೊರುವ ಅಡ್ಡತೊಲೆ), ಅದರ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಕಲರ್ ಕೋಟೆಡ್ ಶೀಟು, ಒಂದೇ ಕಡೆಗೆ ಇಳಿಜಾರು. ಕರ್ನಾಟಕದ ಎಷ್ಟೋ ಹಿತ್ತಲ ಕೋಣೆಗಳು ಹೀಗೇ ಇರುತ್ತವೆ. ಆದ್ದರಿಂದ ನನ್ನ ಲೆಕ್ಕ ಬೇರೆಯವರಿಗೂ ಹೊಂದುತ್ತದೆ.

ಮೊದಲು ದಪ್ಪದ ಪ್ರಶ್ನೆ. ಬೇಸಿಗೆಯ ಮಧ್ಯಾಹ್ನ ಶೀಟು 65 ಡಿಗ್ರಿ, ಒಳಗಿನ ಗಾಳಿ 30 ಡಿಗ್ರಿ ಎಂದು ಹಿಡಿದೆ. ಏನೂ ಹಾಕದಿದ್ದರೆ ಸೂರಿನಿಂದ ಇಳಿಯುವ ಶಾಖ ಸುಮಾರು 2,300 ವಾಟ್. ಅಂದರೆ ತಲೆಯ ಮೇಲೆ ಒಂದು ದೊಡ್ಡ ರೂಮ್ ಹೀಟರ್ ಉರಿದಂತೆ. ಒಂದಿಂಚಿನ ಎಕ್ಸ್‌ಪಿಎಸ್ (ಪಾಲಿಸ್ಟೈರಿನ್‌ನ ಒತ್ತಾದ, ಗಟ್ಟಿ ಫೋಮ್ ಬೋರ್ಡು) ಹಾಕಿದರೆ ಅದು 390 ವಾಟ್‌ಗೆ ಇಳಿಯುತ್ತದೆ, ಎರಡಿಂಚಿಗೆ 210, ಮೂರಿಂಚಿಗೆ 145. ಮೊದಲ ಎರಡಿಂಚು ಮಾಡುವ ಕೆಲಸವನ್ನು ಮೂರನೆಯ ಇಂಚು ಮಾಡುವುದಿಲ್ಲ. ಆ ದುಡ್ಡನ್ನು ಪಡುವಣ ಗೋಡೆಗೆ ಹಾಕುವುದು ಮೇಲು. ನಾನು ಸೂರಿಗೆ 50 ಮಿ.ಮೀ.ಗೆ ನಿಲ್ಲಿಸಿದೆ.

ಇನ್ನು ಯಾವ ಫೋಮು? ಅಂಗಡಿಯಲ್ಲಿ ಎಲ್ಲರೂ ಕೇಳುವುದು ಉಷ್ಣವಾಹಕತೆಯ, ಅಂದರೆ ಬಿಸಿ ಎಷ್ಟು ಸುಲಭವಾಗಿ ಸಾಗುತ್ತದೆ ಎಂಬುದರ ಅಂಕಿ: ಥರ್ಮೋಕೋಲ್ ಸುಮಾರು 0.037, ಎಕ್ಸ್‌ಪಿಎಸ್ 0.030, ಪಿಐಆರ್ (ಪಾಲಿಯುರೇಥೇನ್ ಜಾತಿಯ ಗಡಸು ಫೋಮು) 0.023. ಕಡಿಮೆ ಇದ್ದಷ್ಟೂ ಒಳ್ಳೆಯದು, ನಿಜ. ಆದರೆ ನಮ್ಮ ಶೀಟಿನ ಕೆಳಗೆ ಸೋಲು ಗೆಲುವು ತೀರ್ಮಾನವಾಗುವುದು ಆ ಅಂಕಿಯಿಂದಲ್ಲ. ಬಿಸಿ ತಡೆದುಕೊಳ್ಳುತ್ತದೆಯೇ, ನೀರು ಕುಡಿಯುತ್ತದೆಯೇ, ಸಂದಿ ಮುಚ್ಚಿದೆಯೇ ಎಂಬ ಮೂರರಿಂದ.

ಥರ್ಮೋಕೋಲ್ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತದೆ. ಗಾಢ ಬಣ್ಣದ ಶೀಟಿಗೆ ನೇರವಾಗಿ ಅಂಟಿಸಿದರೆ ಕೆಲವು ಬೇಸಿಗೆಯಲ್ಲೇ ಕುಗ್ಗಿ ಅಂಚುಗಳಲ್ಲಿ ಬಾಯಿ ಬಿಡುತ್ತದೆ. ಇರುವೆಗಳಿಗೂ ಅದು ಹೇಳಿ ಮಾಡಿಸಿದ ಗೂಡು. ಪಿಐಆರ್ ನೂರು ಡಿಗ್ರಿಗೂ ಜಗ್ಗುವುದಿಲ್ಲ, ಬೆಂಕಿ ತಗುಲಿದರೆ ಕರಗಿ ಹನಿಯದೆ ಕರಿಕಟ್ಟುತ್ತದೆ. ಇವೆರಡರಲ್ಲೂ ಅದೇ ಮೇಲು. ಆದರೆ ಮೂವತ್ತು ನಲವತ್ತು ಬಿಡಿ ಬೋರ್ಡು ಬೇಕೆಂದರೆ ಸಿಗುವುದು ಕಷ್ಟ, ಕತ್ತರಿಸಿದ ಅಂಚು ನೀರು ಹೀರುತ್ತದೆ. ಎಕ್ಸ್‌ಪಿಎಸ್ ನೀರು ಹೀರುವುದು ತೀರಾ ಕಡಿಮೆ, ಸುಮಾರು 75 ಡಿಗ್ರಿವರೆಗೆ ಆಕಾರ ಬಿಡುವುದಿಲ್ಲ. ಶೀಟಿಗೂ ಬೋರ್ಡಿಗೂ ನಡುವೆ ಗಾಳಿಯಾಡಲು ಜಾಗ ಬಿಟ್ಟರೆ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ಎಕ್ಸ್‌ಪಿಎಸ್. (ಸೂರು ಇನ್ನೂ ಹಾಕಿಲ್ಲದಿದ್ದರೆ ಈ ತಲೆನೋವೇ ಬೇಡ, 50 ಮಿ.ಮೀ. ಪಫ್ ಪ್ಯಾನೆಲನ್ನೇ, ಅಂದರೆ ಎರಡು ಶೀಟುಗಳ ನಡುವೆ ಫೋಮು ತುಂಬಿ ಬರುವ ಹಲಗೆಯನ್ನೇ, ಶೀಟಿನ ಬದಲು ಹಾಕಿಸಿ.)

ಕೊಳ್ಳುವಾಗ ಬೋರ್ಡನ್ನು ತೂಗಿ ನೋಡಿ. 1250×600 ಮಿ.ಮೀ. ಅಳತೆಯ 25 ಮಿ.ಮೀ. ದಪ್ಪದ ಬೋರ್ಡು, ಘನಮೀಟರಿಗೆ 32 ಕಿಲೋ ಸಾಂದ್ರತೆಯದಾದರೆ ಸರಿಯಾಗಿ 600 ಗ್ರಾಂ ಬರಬೇಕು. ಅಡುಗೆಮನೆಯ ತಕ್ಕಡಿ ಸಾಕು. 450 ಬಂದರೆ ಮಾಲು ಕಮ್ಮಿ. ಮೂಲೆ ಮುರಿದೂ ನೋಡಬಹುದು: ಸಾಬೂದಾನಿಯಂಥ ಕಾಳು ಕಂಡರೆ ಅದು ಬಣ್ಣ ಹಾಕಿದ ಥರ್ಮೋಕೋಲ್, ಎಕ್ಸ್‌ಪಿಎಸ್‌ನ ಮುರಿದ ಮೈ ಒಂದೇ ಸಮ ಇರುತ್ತದೆ. ಥರ್ಮೋಕೋಲೇ ಸಾಕು ಎನ್ನುವವರು ಐಎಸ್ 4671 (ಭಾರತೀಯ ಮಾನಕ) ಪ್ರಕಾರದ, ಘನಮೀಟರಿಗೆ 20 ಕಿಲೋಗೆ ಕಡಿಮೆಯಿಲ್ಲದ ಮಾಲು ಕೇಳಿ. ಟಿವಿ ಪೆಟ್ಟಿಗೆಯೊಳಗೆ ಬರುವುದು ಅದಲ್ಲ.

ನಾನು 50 ಮಿ.ಮೀ. ಬೋರ್ಡ್ ತರದೆ 25 ಮಿ.ಮೀ.ನ ಎರಡು ಪದರ ಹಾಕಿದೆ. ಒಂದು ಪದರದ ಸಂದಿ ಇನ್ನೊಂದರ ನಡುಮಧ್ಯೆ ಬರುವಂತೆ ಕೂರಿಸಿದರೆ ಬಿಸಿ ಗಾಳಿ ನೇರ ಇಳಿಯಲು ದಾರಿಯೇ ಇಲ್ಲ. ಒಂದು ಬೋರ್ಡು ಎಂಟು ಚದರಡಿ ಮುಚ್ಚುತ್ತದೆ, ಪದರಕ್ಕೆ 15, ಕತ್ತರಿಸುವ ನಷ್ಟ ಸೇರಿ ಒಟ್ಟು 34.

ಪರ್ಲಿನ್‌ಗಳ ನಡುವೆ ಬೋರ್ಡು ತುರುಕಬಾರದು. ಕಬ್ಬಿಣ ಫೋಮಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಸುಲಭವಾಗಿ ಬಿಸಿ ಸಾಗಿಸುತ್ತದೆ. ನಾಲ್ಕು ಪೈಪೂ ನಾಲ್ಕು ಬಿಸಿ ಕಂಬಿಗಳಾಗಿ ಉಳಿಯುತ್ತವೆ. ಎರಡೂ ಪದರ ಪರ್ಲಿನ್‌ನ ಕೆಳಗೆ, ಎಲ್ಲೂ ತುಂಡಾಗದಂತೆ ಸಾಗಬೇಕು. ಹೀಗೆ ಮಾಡಿದಾಗ ಪೈಪಿನ ಎತ್ತರದಷ್ಟು ಗಾಳಿಯ ಜಾಗ ತಾನಾಗಿ ಸಿಗುತ್ತದೆ. ಶೀಟಿನ ಕೆಳ ತುದಿ, ಮೇಲ್ತುದಿಗಳಲ್ಲಿ ಅಲೆಯ ಸಂದಿ ಮುಚ್ಚದೆ ಸ್ಟೀಲ್ ಜಾಲರಿ ಹೊಡೆದೆ: ಬಿಸಿ ಗಾಳಿ ಹೊರಹೋಗುತ್ತದೆ, ಅಳಿಲು ಒಳಬರುವುದಿಲ್ಲ.

ಕೂರಿಸುವ ಕ್ರಮ: ಗೋಡೆಯ ಸುತ್ತ ಐದು ಮಿ.ಮೀ. ಸಂದಿ ಬಿಟ್ಟು ಮೊದಲ ಪದರವನ್ನು 50 ಮಿ.ಮೀ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, ಅಗಲ ವಾಷರ್ ಹಾಕಿ ಪರ್ಲಿನ್‌ಗೆ ಹಿಡಿಸುವುದು. ಜಾಯಿಂಟು ಪರ್ಲಿನ್ ಮೇಲೇ ಬರಬೇಕೆಂದಿಲ್ಲ. ಸುತ್ತಲ ಸಂದಿಗೆ ಪಿಯು (ಪಾಲಿಯುರೇಥೇನ್) ಫೋಮ್ ಸ್ಪ್ರೇ, ಅರ್ಧದಷ್ಟು ಮಾತ್ರ. ತುಂಬಿಸಿದರೆ ಉಬ್ಬಿ ಬೋರ್ಡನ್ನೇ ತಳ್ಳುತ್ತದೆ. ಜಾಯಿಂಟುಗಳ ಮೇಲೆ ಮೂರಿಂಚಿನ ಅಲ್ಯೂಮಿನಿಯಂ ಟೇಪು, ಮೈ ಒರೆಸಿದ ಮೇಲೆ. ಧೂಳಿದ್ದರೆ ಟೇಪು ಒಂದೇ ಮಳೆಗಾಲಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಆಮೇಲೆ ಎರಡನೆಯ ಪದರ, ಅದಕ್ಕೂ ಟೇಪು. ಕೊನೆಗೆ ಜಿಐ (ಸತು ಲೇಪಿತ ಉಕ್ಕಿನ) ಸೀಲಿಂಗ್ ಚಾನೆಲ್ ಒಂಬತ್ತು, 18 ಇಂಚಿಗೊಂದು, ಇಳಿಜಾರಿನ ಉದ್ದಕ್ಕೆ. ಪ್ರತಿ ಪರ್ಲಿನ್ ದಾಟುವಲ್ಲಿ 75 ಮಿ.ಮೀ. ಸ್ಕ್ರೂ ಎರಡೆರಡು. ಚಾನೆಲ್‌ಗೆ 12.5 ಮಿ.ಮೀ. ಜಿಪ್ಸಂ ಬೋರ್ಡು. ಅದರ ತೂಕ ನೂರು ಕಿಲೋ ಸಮೀಪ, ಆದರೆ 36 ಕಡೆ ಹಂಚಿಹೋಗುವುದರಿಂದ ಒಂದೊಂದು ಕಡೆಗೆ ಮೂರು ಕಿಲೋಗೂ ಕಡಿಮೆ.

ಜಿಪ್ಸಂ ಬೋರ್ಡು ಚೆಂದಕ್ಕಲ್ಲ. ಎಕ್ಸ್‌ಪಿಎಸ್, ಥರ್ಮೋಕೋಲ್ ಎರಡೂ ಬೆಂಕಿಗೆ ಕರಗಿ ಉರಿಯುತ್ತ ಹನಿಯುತ್ತವೆ. ಬರಿ ಫೋಮನ್ನು ಕೋಣೆಯೊಳಗೆ ಕಾಣುವಂತೆ ಬಿಡುವುದು ಅಪಾಯ. ವೈರನ್ನು ಫೋಮಿಗೆ ತಾಕಿಸಿ ಎಳೆಯಬಾರದು, ಪಿವಿಸಿ ವೈರಿನ ಎಣ್ಣೆಯಂಶವನ್ನು ಈ ಎರಡೂ ಫೋಮುಗಳ ಮೂಲವಸ್ತುವಾದ ಪಾಲಿಸ್ಟೈರಿನ್ ಹೀರಿಕೊಂಡು ವೈರಿನ ಹೊದಿಕೆ ಗಡುಸಾಗಿ ಬಿರುಕು ಬಿಡುತ್ತದೆ. ವೈರು ಸಾಗಲು ಕಾಂಡ್ಯೂಟ್ ಪೈಪು ಹಾಕಿಸಿ. ದೀಪವೂ ಹೊರಮೈಗೆ ಕೂರುವಂಥದ್ದೇ ಇರಲಿ. ಸೂರಿನೊಳಗೆ ಹುದುಗುವ ಡೌನ್‌ಲೈಟಿಗೆಂದು ಫೋಮು ಕೊರೆದರೆ ಅಲ್ಲೇ ಬಿಸಿಗೆ ಬಾಗಿಲು ತೆರೆದಂತೆ.

ಇಂಗ್ಲೆಂಡಿನ ಗಾರ್ಡನ್ ಸ್ಟುಡಿಯೋ ವಿಡಿಯೋ ನೋಡಿ ಒಳಮೈಗೆ ಪಾಲಿಥೀನ್ ಹಾಳೆ ಹೊಡೆಯುವವರಿದ್ದಾರೆ. ಅಲ್ಲಿ ಒಳಗೆ ಬೆಚ್ಚಗೆ, ಹೊರಗೆ ಚಳಿ. ತೇವ ಒಳಗಿನಿಂದ ಹೊರಕ್ಕೆ ನುಗ್ಗುತ್ತದೆ. ನಮ್ಮಲ್ಲಿ ಎಸಿ ಹಾಕಿದ ಕೋಣೆಗೆ ತೇವ ಬರುವುದು ಹೊರಗಿನಿಂದ. ಮಂಗಳೂರಿನಂಥ ಕಡೆ ಒಳಮೈಗೆ ಪಾಲಿಥೀನ್ ಹಾಕಿದರೆ ಅದರ ಹಿಂದೆಯೇ ನೀರು ಕಟ್ಟಿ ಜಿಪ್ಸಂ ಬೂಸ್ಟು ಹಿಡಿಯುತ್ತದೆ. ಟೇಪು ಹಾಕಿದ ಎಕ್ಸ್‌ಪಿಎಸ್ ಪದರವೇ ತೇವಕ್ಕೆ ತಡೆ, ಬೇರೆ ಹಾಳೆ ಬೇಡ. ಚಳಿಗಾಲದ ಬೆಳಗಿನ ಜಾವ ಶೀಟಿನ ಅಡಿಯಲ್ಲಿ ಇಬ್ಬನಿ ಕಟ್ಟಿ ನಾಲ್ಕು ಹನಿ ಬಿದ್ದರೂ ಎಕ್ಸ್‌ಪಿಎಸ್ ಅದನ್ನು ಕುಡಿಯುವುದಿಲ್ಲ, ಬಿಸಿಲೇರಿದ ಮೇಲೆ ಆರುತ್ತದೆ.

ಪಡುವಣ ಗೋಡೆ 10×8 ಅಡಿ, 50 ಮಿ.ಮೀ. ಬೋರ್ಡು 11. ಇದನ್ನು ಹೊರಗಿನಿಂದ ಹಾಕಿದೆ, ಬ್ಲಾಕು ನೆರಳಲ್ಲಿ ತಣ್ಣಗಿರಲಿ ಎಂದು. ಬೋರ್ಡಿನ ನುಣುಪು ಮೈಯನ್ನು ವೈರ್ ಬ್ರಷ್‌ನಿಂದ ಉಜ್ಜದಿದ್ದರೆ ಟೈಲ್ ಅಡ್ಹೆಸಿವ್ ಕಚ್ಚುವುದಿಲ್ಲ. ರಬ್ಬರ್ ಸಲ್ಯೂಷನ್ ಮಾದರಿಯ ಅಂಟು ಬೇಡವೇ ಬೇಡ. ಬೋರ್ಡು ಕಣ್ಣೆದುರೇ ಕರಗಿ ಗುಳಿ ಬೀಳುತ್ತದೆ. ಅಂಟು ಒಣಗಿದ ಮೇಲೆ ಚದರ ಮೀಟರಿಗೆ ಆರು ಅಣಬೆ ತಲೆಯ ಪ್ಲಾಸ್ಟಿಕ್ ಡಾವೆಲ್ (ಗೋಡೆ ಕೊರೆದು ಹೊಡೆಯುವ ಗೂಟ), ಫೈಬರ್ ಮೆಶ್, ಮೂರ್ನಾಲ್ಕು ಮಿ.ಮೀ. ಗಾರೆ, ಬಿಳಿ ಬಣ್ಣ. ಗಾರೆ ಬಳಿಯದೆ ಬೋರ್ಡನ್ನು ವಾರಗಟ್ಟಲೆ ಬಿಸಿಲಿಗೆ ಬಿಟ್ಟರೆ ಮೈ ಹಳದಿಯಾಗಿ ಪುಡಿ ಉದುರುತ್ತದೆ, ಆ ಪುಡಿಯ ಮೇಲೆ ಗಾರೆ ನಿಲ್ಲದು. ನೆಲದಿಂದ ಆರೆಂಟು ಇಂಚು ಮೇಲೆಯೇ ನಿಲ್ಲಿಸಿ. ಗೆದ್ದಲು ಫೋಮಿನ ಹಿಂದೆ ಮರೆಯಾಗಿ ಏರಿದರೆ ಬಾಗಿಲ ಚೌಕಟ್ಟು ಹೋಗುವವರೆಗೆ ಗೊತ್ತಾಗುವುದಿಲ್ಲ.

ಹಾಡು, ಧ್ವನಿ ರೆಕಾರ್ಡ್ ಮಾಡುವವರಿಗೆ ಒಂದು ಮಾತು: ಫೋಮ್ ಬೋರ್ಡು ಶಬ್ದ ತಡೆಯುವುದಿಲ್ಲ, ಹಗುರ ವಸ್ತುವಿಗೆ ಆ ಶಕ್ತಿಯಿಲ್ಲ. ಮಳೆಯ ಸದ್ದಿಗೆ ಎರಡನೆಯ ಪದರ ಜಿಪ್ಸಂ, ಅದರ ಹಿಂದೆ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಬೇಕು. ಚಾನೆಲ್ ಕೂರಿಸುವ ಮೊದಲೇ ಆ ಎತ್ತರ, ಆ ತೂಕ ಲೆಕ್ಕಕ್ಕೆ ತೆಗೆದುಕೊಳ್ಳಿ. ಎದುರುಬದುರು ಗೋಡೆಗಳಲ್ಲಿ ಒಂದು ಆರಿಂಚಿನ ಎಕ್ಸಾಸ್ಟ್ ಫ್ಯಾನು, ಒಂದು ಗಾಳಿಕಿಂಡಿಯೂ ಇರಲಿ: ಫೋಮು ಹೊರಗಿನ ಬಿಸಿಯನ್ನು ತಡೆಯುವಂತೆ ಕಂಪ್ಯೂಟರು, ಮನುಷ್ಯರ ಬಿಸಿಯನ್ನೂ ಒಳಗೇ ಹಿಡಿದಿಡುತ್ತದೆ. ಸಂಜೆ ಏಳರ ಮೇಲೆ ಒಂದು ಗಂಟೆ ಫ್ಯಾನು ಓಡಿಸಿದರೆ ಕೋಣೆ ಬೆಳಗಿಗೆ ತಣ್ಣಗಿರುತ್ತದೆ.