ಹೊಸ ಬಸ್ ಕೇಳುವ ಮುನ್ನ: ಹಾಸನದ ಒಂದು ಸಿಟಿ ಮಾರ್ಗ ಸರಿಪಡಿಸುವ ಕ್ರಮ

ಬಸ್ ಸಾಲದು ಅನ್ನಿಸಿದ ಕೂಡಲೇ ಬರೆಯುವ ಅರ್ಜಿ ಒಂದೇ: 'ನಮ್ಮ ಬಡಾವಣೆಗೆ ಹೆಚ್ಚುವರಿ ಬಸ್ ಬಿಡಿ.' ಹಾಗೆ ಬಿಡಬೇಕಾದರೆ ಗಾಡಿ ಬೇಕು, ಪಾಳಿಗೊಬ್ಬ ಡ್ರೈವರ್, ಕಂಡಕ್ಟರ್ ಬೇಕು, ಮೇಲಿನ ಮಂಜೂರಾತಿ ಬೇಕು. ಅಲ್ಲಿಗೆ ಅರ್ಜಿ ಫೈಲು ಸೇರುತ್ತದೆ. ಓಡುತ್ತಿರುವ ಬಸ್ಸುಗಳ ವೇಳೆ ಬದಲಿಸಿ ಎಂದು ಲೆಕ್ಕ ಸಮೇತ ಕೇಳಿದರೆ ಕೆ.ಎಸ್.ಆರ್.ಟಿ.ಸಿ.ಯ ಹಾಸನ ವಿಭಾಗದ ಕಚೇರಿಯಲ್ಲೇ ತೀರ್ಮಾನ ಆಗುವ ಸಾಧ್ಯತೆ ಹೆಚ್ಚು. ಬೆಂಗಳೂರಿನ ಮೆಟ್ರೋ, ಹುಬ್ಬಳ್ಳಿ–ಧಾರವಾಡದ ಪ್ರತ್ಯೇಕ ಬಸ್ ಪಥ ಇವೆಲ್ಲ ದೊಡ್ಡ ಊರಿನ ಮದ್ದು. ಹಾಸನದ ಬಿ.ಎಂ. ರಸ್ತೆಗೆ ಬೇಕಾಗಿರುವುದು ನಿಮಿಷಗಳ ಲೆಕ್ಕ.

ಮೊದಲು ಎಣಿಕೆ. ಇಡೀ ಊರು ಬೇಡ, ಒಂದೇ ಮಾರ್ಗ ಹಿಡಿಯಿರಿ. ಅದರಲ್ಲಿ ಅತಿ ಹೆಚ್ಚು ಜನ ಹತ್ತುವ ಎರಡು ನಿಲ್ದಾಣ ಆರಿಸಿ, ಒಂದೊಂದಕ್ಕೂ ಇಬ್ಬರನ್ನು ನಿಲ್ಲಿಸಿ. ಬೆಳಿಗ್ಗೆ 7.30ರಿಂದ 10, ಸಂಜೆ 4ರಿಂದ 6.30, ಹೀಗೆ ಮೂರು ಕೆಲಸದ ದಿನ ಸಾಕು. ಸಂತೆಯ ದಿನ, ಪರೀಕ್ಷೆಯ ವಾರ, ಹಾಸನಾಂಬೆಯ ದರ್ಶನದ ದಿನಗಳನ್ನು ಬಿಟ್ಟುಬಿಡಿ. ದೇವಸ್ಥಾನದ ಬಾಗಿಲು ತೆರೆದಿರುವಾಗ ತೆಗೆದ ಲೆಕ್ಕ ಇಟ್ಟುಕೊಂಡು ಹೋದರೆ ಅಧಿಕಾರಿ ಮೊದಲ ಸಾಲಿಗೇ ಮುಚ್ಚಿ ಇಡುತ್ತಾರೆ.

ಹಾಳೆಯಲ್ಲಿ ಏಳು ಕಾಲಂ ಇರಲಿ: ಬೋರ್ಡಿನಲ್ಲಿರುವ ಮಾರ್ಗ, ಬಂದ ಸಮಯ, ಹೊರಟ ಸಮಯ, ಹತ್ತಿದವರು, ಇಳಿದವರು, ತುಂಬಿದ ಮಟ್ಟ, ಹತ್ತಲಾಗದೆ ಉಳಿದವರು. ತುಂಬಿದ ಮಟ್ಟಕ್ಕೆ ಅಂಕ ಕೊಡಿ. ಸೀಟು ಖಾಲಿ ಇದ್ದರೆ 0, ಎಲ್ಲ ಸೀಟು ಭರ್ತಿಯಾಗಿದ್ದರೆ 1, ಕೆಲವರು ನಿಂತಿದ್ದರೆ 2, ಬಾಗಿಲವರೆಗೂ ನಿಂತಿದ್ದರೆ 3, ಫುಟ್‌ಬೋರ್ಡ್ ಮೇಲೆ ಜೋತಿದ್ದರೆ 4. ಬಸ್ಸಿಗೆ ಎರಡು ಬಾಗಿಲಿದ್ದರೆ ಒಬ್ಬರು ಒಂದೊಂದು ಬಾಗಿಲು ನೋಡಿಕೊಳ್ಳಲಿ. ಒಬ್ಬರೇ ಎರಡನ್ನೂ ಎಣಿಸಹೊರಟರೆ ಇಳಿದವರ ಸಂಖ್ಯೆ ಖಂಡಿತ ತಪ್ಪುತ್ತದೆ. ಸಮಯವನ್ನು 8.40, 8.45 ಎಂದು ಐದರ ಲೆಕ್ಕಕ್ಕೆ ಹೊಂದಿಸಿ ಬರೆಯುವುದು ಎಲ್ಲರ ಅಭ್ಯಾಸ. ಹಾಗೆ ಬರೆದ ಹಾಳೆ ಯಾವ ಉಪಯೋಗಕ್ಕೂ ಬಾರದು. 8.43 ಆಗಿದ್ದರೆ 8.43 ಎಂದೇ ಇರಲಿ.

ಏಳನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ಕಂಡಕ್ಟರ್ ಕೈಯ ಟಿಕೆಟ್ ಯಂತ್ರದಲ್ಲಿ ಹತ್ತಿದವರ ದಾಖಲೆ ಇರುತ್ತದೆ, ಹತ್ತಲಾಗದೆ ನಿಂತವರದು ಇರುವುದಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ಇಲ್ಲದ ಒಂದೇ ಒಂದು ಸಂಖ್ಯೆ ನಿಮ್ಮ ಹಾಳೆಯಲ್ಲಿರುವುದು ಇಲ್ಲಿ.

ಯಂತ್ರದ ದಾಖಲೆಯನ್ನೂ ತರಿಸಿಕೊಳ್ಳಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಮಹಿಳೆಯರಿಗೆ ಕೊಡುವ ಶೂನ್ಯ ಟಿಕೆಟ್ಟೂ ಹತ್ತಿದ, ಇಳಿಯುವ ಸ್ಟೇಜಿನೊಂದಿಗೆ (ಟಿಕೆಟ್ ದರ ಬದಲಾಗುವ ಹಂತ) ದಾಖಲಾಗುತ್ತದೆ. ನಿಮ್ಮ ಮಾರ್ಗದ ಒಂದು ತಿಂಗಳ ಟ್ರಿಪ್‌ವಾರು, ಸ್ಟೇಜ್‌ವಾರು ಟಿಕೆಟ್ ಸಂಖ್ಯೆಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ ಇರಬೇಕು. ನಾಲ್ಕು ಮಾರ್ಗದ ವಿವರ ಒಟ್ಟಿಗೆ ಕೇಳಿದರೆ ಅದೇ ನೆಪದಲ್ಲಿ ವಾಪಸ್ ಬರಬಹುದು.

ಈಗ ಗಣಿತ. ಉದಾಹರಣೆಗೆ 9 ಕಿ.ಮೀ. ಮಾರ್ಗ ಎಂದುಕೊಳ್ಳಿ. ಹೋಗಲು 36 ನಿಮಿಷ, ಬರಲು 36, ಎರಡೂ ಕೊನೆಯಲ್ಲಿ ತಲಾ 6 ನಿಮಿಷ ನಿಲುಗಡೆ. ಒಂದು ಸುತ್ತಿಗೆ 84 ನಿಮಿಷ. 15 ನಿಮಿಷಕ್ಕೊಂದು ಬಸ್ ಬೇಕೆಂದರೆ 84ನ್ನು 15ರಿಂದ ಭಾಗಿಸಿ: 5.6. ಅರ್ಧ ಬಸ್ ಓಡಿಸಲಾಗದು, ಆರು ಬೇಕು. ಒಂದೊಂದು ದಿಕ್ಕಿನಲ್ಲಿ 5 ನಿಮಿಷ ಉಳಿಸಿದರೆ ಸುತ್ತು 74 ನಿಮಿಷಕ್ಕೆ ಇಳಿಯುತ್ತದೆ, ಐದು ಬಸ್ ಸಾಕಾಗುತ್ತದೆ. ಉಳಿದ ಆರನೆಯದೇ ನೀವು ಕೇಳುತ್ತಿದ್ದ ಹೆಚ್ಚುವರಿ ಬಸ್. ಆರನ್ನೂ ಓಡಿಸಿ ಹನ್ನೆರಡೂವರೆ ನಿಮಿಷಕ್ಕೊಂದು ಬಿಡಿಸಬಹುದು ನಿಜ. ಆದರೆ ಆ ವೇಳೆ ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. ಪ್ರತಿ ಗಂಟೆಯ 05, 20, 35, 50ಕ್ಕೆ ಬಸ್ ಹೊರಡುತ್ತದೆ ಎಂದರೆ ಬೋರ್ಡು ನೋಡದೆಯೂ ಜನ ಬರುತ್ತಾರೆ. ಆರನೆಯದನ್ನು ಕಾಲೇಜು, ಆಸ್ಪತ್ರೆಯ ರಶ್ ವೇಳೆಗೆ ಬಿಡಿಸುವುದೇ ಲೇಸು.

ಆ 5 ನಿಮಿಷ ಎಲ್ಲಿ ಸಿಗುತ್ತದೆ? ಒಮ್ಮೆ ಬಸ್ಸಿನಲ್ಲಿ ಕೂತು, ಪ್ರತಿ ನಿಲುಗಡೆಯ ಸಮಯವನ್ನು ಸೆಕೆಂಡಿನಲ್ಲಿ ಬರೆಯುತ್ತ ಹೋಗಿ. ಬ್ರೇಕ್ ಹಾಕಿ, ನಿಂತು, ಮತ್ತೆ ವೇಗ ಹಿಡಿಯಲು ಒಂದೊಂದು ನಿಲುಗಡೆಗೂ 25 ಸೆಕೆಂಡಿನಷ್ಟು ಹೋಗುತ್ತದೆ ಅಂದುಕೊಳ್ಳಿ. 9 ಕಿ.ಮೀ.ಗೆ 28 ಕಡೆ ನಿಲ್ಲುವ ಬಸ್ 20 ಕಡೆ ನಿಂತರೆ 200 ಸೆಕೆಂಡು ಉಳಿಯಿತು. ಆಗಲೂ ನಿಲ್ದಾಣಗಳ ನಡುವಿನ ಅಂತರ ಸರಾಸರಿ 450 ಮೀಟರ್, ನಡೆಯಲು ಹೆಚ್ಚೇನಲ್ಲ. ಆಸ್ಪತ್ರೆ, ಶಾಲೆ, ಪಡಿತರ ಅಂಗಡಿ ಎದುರಿನ ನಿಲ್ದಾಣ ಮಾತ್ರ ಮುಟ್ಟಬೇಡಿ. ರದ್ದಾಗುವ ನಿಲ್ದಾಣದ ಸುತ್ತಲಿನವರ ಜೊತೆ ಅರ್ಜಿ ಕೊಡುವ ಮೊದಲೇ ಮಾತಾಡಿ. ಅವರಿಗೆ ಪತ್ರಿಕೆಯಲ್ಲಿ ಓದಿ ಗೊತ್ತಾದರೆ ಎಲ್ಲ ಕೆಲಸ ಅಲ್ಲಿಗೇ ನಿಂತಿತು.

ಉಳಿದ 100 ಸೆಕೆಂಡು ಟಿಕೆಟ್ಟಿನಲ್ಲಿದೆ. ಬಸ್ ನಿಲ್ದಾಣ ಬಿಟ್ಟು ಅರ್ಧ ಕಿ.ಮೀ. ಹೋದ ಮೇಲೆ ರಸ್ತೆ ಬದಿಗೆ ನಿಂತುಬಿಡುತ್ತದೆ: ಕಂಡಕ್ಟರ್ ಇನ್ನೂ ಹಿಂದಿನ ಸೀಟಿಗೆ ತಲುಪಿಲ್ಲ, ಸ್ಟೇಜ್ ದಾಟುವುದರೊಳಗೆ ಎಲ್ಲರಿಗೂ ಟಿಕೆಟ್ ಆಗಬೇಕು. ಉಚಿತ ಪ್ರಯಾಣವಾದರೂ ಗುರುತಿನ ಚೀಟಿ ನೋಡಿ ಟಿಕೆಟ್ ಹರಿಯಲೇಬೇಕು. ಇದಕ್ಕೆ ಪರಿಹಾರ ಗ್ರೌಂಡ್ ಬುಕಿಂಗ್, ಅಂದರೆ ರಶ್ ವೇಳೆಯಲ್ಲಿ ಇನ್ನೊಬ್ಬ ಕಂಡಕ್ಟರ್ ನಿಲ್ದಾಣದಲ್ಲೇ ಟಿಕೆಟ್ ಕೊಟ್ಟು ಹತ್ತಿಸುವುದು. ಎರಡು ಗಂಟೆಯ ಕೆಲಸಕ್ಕೆ ಒಬ್ಬ ಸಿಬ್ಬಂದಿ ಸಾಕು.

ನಿಲ್ದಾಣ ಸರ್ಕಲ್‌ಗೆ ಮುಂಚೆ ಇದ್ದರೆ ದಾಟಿದ ಮೇಲಕ್ಕೆ ಸರಿಸಲು ಕೇಳಿ. ಮುಂಚೆ ನಿಂತ ಬಸ್ಸಿನ ಹಿಂದೆ ವಾಹನ ಕಟ್ಟಿಕೊಳ್ಳುತ್ತವೆ, ಜನ ಹತ್ತುವಷ್ಟರಲ್ಲಿ ಹಸಿರು ದೀಪವೂ ಹೋಗುತ್ತದೆ. ಇದಕ್ಕೆ ಸಂಚಾರ ಪೊಲೀಸ್ ಮತ್ತು ನಗರಾಡಳಿತದ ಒಪ್ಪಿಗೆ ಬೇಕು, ಹಾಗಾಗಿ ಬೇರೆ ಅರ್ಜಿ ಮಾಡಿ. ಆಟೋಗಳಿಗೆ ಪಕ್ಕದಲ್ಲೇ ಜಾಗ ಗುರುತಿಸದೆ ನಿಲ್ದಾಣ ಮಾತ್ರ ಸರಿಸಿದರೆ ಆಟೋಗಳೂ ಅಲ್ಲಿಗೇ ಬರುತ್ತವೆ.

ನಿಮಿಷ ಉಳಿಸುವ ಉತ್ಸಾಹದಲ್ಲಿ ಕೊನೆಯ ನಿಲುಗಡೆಗೆ ಕತ್ತರಿ ಹಾಕಬಾರದು. ಅದು ಡ್ರೈವರ್ ಚಹಾ ಕುಡಿಯುವ, ಶೌಚಕ್ಕೆ ಹೋಗುವ ಸಮಯ ಮಾತ್ರವಲ್ಲ, ತಡವಾದ ಬಸ್ ಮತ್ತೆ ವೇಳೆಗೆ ಬರುವುದೂ ಅಲ್ಲೇ. ಓಟದ ಸಮಯದ ಶೇ. 10ರಿಂದ 15 ಆದರೂ ಇರಲಿ. ಇಲ್ಲದಿದ್ದರೆ ಅರ್ಧ ಗಂಟೆ ಬಸ್ಸೇ ಇಲ್ಲ, ಆಮೇಲೆ ಎರಡು ಒಟ್ಟಿಗೆ ಬಂತು ಎಂಬ ಹಳೆಯ ಗೋಳು ಶುರು. ತಡವಾದ ಬಸ್ಸಿಗೆ ಪ್ರತಿ ನಿಲ್ದಾಣದಲ್ಲೂ ಹೆಚ್ಚು ಜನ ಕಾದಿರುತ್ತಾರೆ, ಹತ್ತಿಸಿಕೊಳ್ಳುವಷ್ಟರಲ್ಲಿ ಇನ್ನೂ ತಡ. ಹಿಂದಿನದಕ್ಕೆ ಜನ ಕಡಿಮೆ, ಅದು ಬೇಗ ಬಂದು ಸೇರಿಕೊಳ್ಳುತ್ತದೆ. ಮಾರ್ಗದ ಮಧ್ಯೆ, ಉದಾಹರಣೆಗೆ ಡೇರಿ ಸರ್ಕಲ್‌ನಂಥ ಕಡೆ, ನಿಗದಿತ ವೇಳೆಗೆ ಮುಂಚೆ ಹೊರಡಕೂಡದ ಒಂದು ನಿಲ್ದಾಣ ಗೊತ್ತುಮಾಡಿದರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ. ಎರಡು ನಿಮಿಷ ತಡವಾಗಿ ಬಂದ ಬಸ್ಸಿನಿಂದ ಪ್ರಯಾಣಿಕನಿಗೆ ಎರಡೇ ನಿಮಿಷ ನಷ್ಟ. ಎರಡು ನಿಮಿಷ ಮುಂಚೆ ಹೊರಟುಹೋದರೆ ಪೂರ್ತಿ ಹದಿನೈದು.

ಅರಕಲಗೂಡು, ಆಲೂರು, ಗೊರೂರು, ದುದ್ದದ ಕಡೆಯಿಂದ ಬರುವವರಿಗೆ ಹಾಸನ ತಲುಪಿದ ಮೇಲೆ ಇನ್ನೊಂದು ಬಸ್ ಹಿಡಿಯುವುದಿದೆ. ಹಳ್ಳಿಯಲ್ಲಿ ನೈಟ್ ಹಾಲ್ಟ್ ಮಾಡಿದ ಬಸ್ಸುಗಳು ಬೆಳಿಗ್ಗೆ ಎಷ್ಟಕ್ಕೆ ಬರುತ್ತವೆ ಎಂದು ಬರೆದುಕೊಳ್ಳಿ. ಆ ವೇಳೆಗೆ ಇಳಿದು ನಡೆಯಲು 5 ನಿಮಿಷ, ತಡಕ್ಕೆ 3 ನಿಮಿಷ ಸೇರಿಸಿ. 8.42ಕ್ಕೆ ಬಂದವರಿಗೆ 8.45ರ ಸಾಲಗಾಮೆ ರಸ್ತೆಯ ಬಸ್ ಇದ್ದೂ ಇಲ್ಲದ ಹಾಗೆ, 8.50ರದು ಸಿಗುತ್ತದೆ.

ಅರ್ಜಿ ಒಂದೇ ಪುಟ ಇರಲಿ, ಎಣಿಕೆಯ ಹಾಳೆ ಲಗತ್ತಿಸಿ. ವಿಭಾಗೀಯ ನಿಯಂತ್ರಣಾಧಿಕಾರಿಗೆ ಬರೆದು, ಪ್ರತಿಯನ್ನು ಘಟಕ ವ್ಯವಸ್ಥಾಪಕರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಖಾಸಗಿ ಬಸ್ಸಿನ ವೇಳೆಯ ವಿಚಾರವಾದರೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಹೋಗಬೇಕು. ಕಾಯಂ ಬದಲಾವಣೆ ಕೇಳದೆ ಒಂದು ತಿಂಗಳ ಪ್ರಯೋಗ ಕೇಳಿ, ಒಪ್ಪುವುದು ಸುಲಭ. ತಿಂಗಳು ತುಂಬುವ ಮೊದಲು ಅದೇ ನಿಲ್ದಾಣ, ಅದೇ ವಾರದ ದಿನ, ಅದೇ ಹಾಳೆಯಲ್ಲಿ ಮತ್ತೆ ಎಣಿಸಿ. ಏಳನೆಯ ಕಾಲಂ ಇಳಿದಿದ್ದರೆ ಮುಂದುವರಿಸಲು ಬರೆಯಿರಿ. ಇಳಿಯದೆ, ಬಸ್ಸುಗಳ ತುಂಬಿದ ಮಟ್ಟವೂ 3, 4ರಲ್ಲೇ ಇದ್ದರೆ ಆ ಮಾರ್ಗಕ್ಕೆ ನಿಜವಾಗಿಯೂ ಇನ್ನೊಂದು ಗಾಡಿ ಬೇಕು. ಎರಡೂ ಸಲದ ಹಾಳೆ ಜೋಡಿಸಿ, ಹೆಚ್ಚುವರಿ ಬಸ್ಸಿನ ಅರ್ಜಿ ಆಗ ಹಾಕಿ.