ಡೇರಿ ಲೆಕ್ಕದ ಪ್ರೋಗ್ರಾಮ್: ನಿಧಾನ ಇದ್ದದ್ದು ಎಲ್ಲಿ?

ಮದ್ದೂರು ತಾಲ್ಲೂಕಿನ ನಮ್ಮೂರ ಹಾಲಿನ ಡೇರಿಯಲ್ಲಿ ಒಂದು ಲೆಕ್ಕದ ಪ್ರೋಗ್ರಾಮ್ ಇದೆ. ಮೊದಲು ಬೇರೆ ಯಾರೋ ಬರೆದದ್ದು, ಈಗ ನೋಡಿಕೊಳ್ಳುವವನು ನಾನು. ಬರೆದಿರುವುದು ಪೈಥಾನ್ ಭಾಷೆಯಲ್ಲಿ, ಮಾಹಿತಿ ಇಡುವುದು ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್‌ನಲ್ಲಿ, ಓಡುವುದು ತಿರುಗುವ ಹಾರ್ಡ್ ಡಿಸ್ಕ್ ಇರುವ ಒಂದು ಹಳೇ ಕಂಪ್ಯೂಟರ್‌ನಲ್ಲಿ. ಬೆಳಿಗ್ಗೆ, ಸಂಜೆ ಸುಮಾರು 300 ಜನ ಹಾಲು ಹಾಕುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ದಾಖಲಾಗಬೇಕು, ದರ ಕೂರಬೇಕು, 15 ದಿನಕ್ಕೊಮ್ಮೆ ಬಟವಾಡೆ ಪಟ್ಟಿ ಬರಬೇಕು. ಆ ಪಟ್ಟಿ ಬರೋದಕ್ಕೇ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು.

ಮೈಸೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರ ಮುಂದೆ ಹೇಳಿದರೆ ಒಬ್ಬರು ‘ಪೈಥಾನ್ ನಿಧಾನ ಕಣಯ್ಯ, ಗೋ ಭಾಷೆಯಲ್ಲಿ ಬರಿ’ ಅಂದರು. ಇನ್ನೊಬ್ಬರು ‘ಕ್ಲಾಸ್‌ಗಳನ್ನೆಲ್ಲ ಕಿತ್ತುಹಾಕು’ ಅಂದರು (ಕ್ಲಾಸ್ ಅಂದರೆ ಒಂದು ವಿಷಯದ ಮಾಹಿತಿ, ಅದರ ಕೆಲಸ ಎರಡನ್ನೂ ಒಟ್ಟಿಗೆ ಇಡುವ ಕೋಡಿನ ಅಚ್ಚು). ಇಬ್ಬರೂ ಕೋಡ್ ನೋಡಿರಲಿಲ್ಲ. ಯಾವ ಭಾಗಕ್ಕೆ ಎಷ್ಟು ಸಮಯ ಹಿಡಿಯಿತು ಅಂತ ತೋರಿಸುವ, ಪೈಥಾನ್ ಜೊತೆಗೇ ಬರುವ ಸಿಪ್ರೊಫೈಲ್ ಹಾಕಿ ಬಟವಾಡೆ ಪಟ್ಟಿ ತೆಗೆಸಿದೆ. ಹೆಚ್ಚುಕಡಿಮೆ ಎಲ್ಲ ಸಮಯವೂ ಎರಡೇ ಕಡೆ ಹೋಗುತ್ತಿತ್ತು: ಡೇಟಾಬೇಸ್‌ಗೆ ಹಾಕುವ ಕ್ವೆರಿ (ಮಾಹಿತಿ ಕೇಳುವ ಪ್ರಶ್ನೆ), ಆಮೇಲಿನ ಕಮಿಟ್ (ಬರೆದದ್ದನ್ನು ಖಾಯಂ ಮಾಡುವುದು). ನಮ್ಮ ಕ್ಲಾಸ್‌ಗಳು, ದರ ಲೆಕ್ಕ ಹಾಕುವ ಫಂಕ್ಷನ್‌ಗಳು (ಒಂದೊಂದು ಕೆಲಸ ಮಾಡುವ ಕೋಡಿನ ತುಂಡುಗಳು) ಸಿಪ್ರೊಫೈಲ್ ಕೊಟ್ಟ ಪಟ್ಟಿಯ ಎಲ್ಲೋ ತಳದಲ್ಲಿದ್ದವು.

ಕಮಿಟ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ನಮೂದನ್ನು ಉಳಿಸುವ ಫಂಕ್ಷನ್ ಇತ್ತು. ಉಳಿಸಿದ ತಕ್ಷಣ ತಾನೇ ಕಮಿಟ್ ಮಾಡುತ್ತಿತ್ತು. ಕರೆಯುವವರಿಗೆ ತಲೆನೋವಿಲ್ಲ. ಕಮಿಟ್ ಅಂದರೆ, ಬರೆದದ್ದು ನಿಜವಾಗಿ ಡಿಸ್ಕ್ ಮೇಲೆ ಕೂತಿದೆ ಅಂತ ಖಾತ್ರಿ ಆಗುವವರೆಗೆ ಎಸ್‌ಕ್ಯೂಲೈಟ್ ಕಾಯುತ್ತದೆ. ನಿಮಿಷಕ್ಕೆ 7,200 ಸುತ್ತು ಹೊಡೆಯುವ ಡಿಸ್ಕ್ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ತಗೊಳ್ಳುತ್ತದೆ. ಒಂದು ಕಮಿಟ್‌ಗೆ ಒಂದೇ ಸುತ್ತು ಸಾಕಾಗಲ್ಲ. ಹಾಗಾಗಿ ಇಂಥ ಡಿಸ್ಕ್‌ನಲ್ಲಿ ಸೆಕೆಂಡಿಗೆ ಕೆಲವು ಡಜನ್ ಕಮಿಟ್ ಆದರೆ ಹೆಚ್ಚು. ಆ 8 ಮಿಲಿಸೆಕೆಂಡ್‌ನಲ್ಲಿ ‘ನಿಧಾನ’ ಅನ್ನಿಸಿಕೊಂಡ ಪೈಥಾನ್ ಹತ್ತಾರು ಸಾವಿರ ಸಣ್ಣ ಫಂಕ್ಷನ್‌ಗಳನ್ನು ಕರೆದು ಮುಗಿಸುತ್ತದೆ.

ಬಟವಾಡೆ ದಿನ 300 ಜನರ 30 ಹೊತ್ತಿನ ಹಾಲು, ಅಂದರೆ 9,000 ನಮೂದುಗಳಿಗೆ ‘ಬಿಲ್ ಆಯಿತು’ ಅಂತ ಗುರುತು ಹಾಕಬೇಕು. ಅದಕ್ಕೂ ಇದೇ ಫಂಕ್ಷನ್. 9,000 ಕಮಿಟ್. ನಾಲ್ಕೈದು ನಿಮಿಷ ಎಲ್ಲಿಂದ ಬಂತು ಅಂತ ಗೊತ್ತಾಯಿತಲ್ವಾ? ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ (ಒಟ್ಟಿಗೆ ಒಂದೇ ಸಲ ಕಮಿಟ್ ಆಗುವ ಗುಂಪಿಗೆ) ಸೇರಿಸಿದ ಮೇಲೆ ಆ ಭಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಇನ್ನೊಂದು ಲಾಭ: ಮಧ್ಯದಲ್ಲಿ ಕರೆಂಟ್ ಹೋದರೆ ಅರ್ಧ ಜನರಿಗೆ ಬಿಲ್ ಆಗಿ ಇನ್ನರ್ಧ ಉಳಿಯುವ ಫಜೀತಿ ಇಲ್ಲ. ಎಲ್ಲರಿಗೂ ಬಿಲ್ ಆಗುತ್ತದೆ, ಇಲ್ಲದಿದ್ದರೆ ಯಾರಿಗೂ ಇಲ್ಲ.

ಹಾಗಂತ ಬೆಳಗಿನ ಹೊತ್ತಿನ ಕಮಿಟ್‌ಗೆ ಕೈ ಹಾಕಲಿಲ್ಲ. ಅಲ್ಲಿ ಒಬ್ಬೊಬ್ಬರ ಹಾಲಿಗೂ ಒಂದು ಕಮಿಟ್ ಇದ್ದೇ ಇದೆ. ಡೇರಿ ಸೆಕ್ರೆಟರಿ ಕೇಳಿದ್ದು ಒಂದೇ ಪ್ರಶ್ನೆ: ‘ಕರೆಂಟ್ ಹೋದ್ರೆ ಬರ್ದಿರೋದು ಇರ್ತದೇನಪ್ಪ?’ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರ ಸ್ಯಾಂಪಲ್ ಟೆಸ್ಟ್ ಆಗುವುದಕ್ಕೆ ಹಿಡಿಯುವ ಸಮಯದ ಮುಂದೆ ಕೆಲವು ಹತ್ತು ಮಿಲಿಸೆಕೆಂಡ್ ಲೆಕ್ಕಕ್ಕೇ ಇಲ್ಲ. ಎಸ್‌ಕ್ಯೂಲೈಟ್‌ನ ವಾಲ್ ಮೋಡ್‌ನಲ್ಲಿ (ಬದಲಾವಣೆಯನ್ನು ಮೊದಲು ಬೇರೆ ಲಾಗ್ ಫೈಲ್‌ಗೆ ಬರೆಯುವ ರೀತಿ) ‘ನಾರ್ಮಲ್’ ಅಂತ, ಅಂದರೆ ಪ್ರತಿ ಕಮಿಟ್‌ಗೂ ಡಿಸ್ಕ್‌ಗೆ ಕಾಯದ ಹಾಗೆ ಇಟ್ಟರೆ ಇನ್ನೂ ಬೇಗ ಆಗುತ್ತದೆ. ಫೈಲ್ ಕೆಡುವುದಿಲ್ಲ, ಆದರೆ ಕರೆಂಟ್ ಹೋದಾಗ ಕೊನೆಯ ಕೆಲವು ನಮೂದು ಮಾಯ ಆಗಬಹುದು. ಹಾಲು ಹಾಕಿ ಹೋದವರಿಗೆ ಇದನ್ನು ವಿವರಿಸೋದು ಯಾರು? ಪ್ರತಿ ಸಲ ಕಾಯುವ ‘ಫುಲ್’ ಅಂತಲೇ ಇಟ್ಟೆ. ಬದಲಾಯಿಸಿದ್ದು ಒಂದೇ: ಕಮಿಟ್ ಅನ್ನು ಫಂಕ್ಷನ್ ಒಳಗಿಂದ ತೆಗೆದು, ಕರೆಯುವವರ ಕೈಗೆ ಕೊಟ್ಟೆ. ಬೆಳಿಗ್ಗೆಯ ಪರದೆ ಪ್ರತಿ ಸಲ ಕಮಿಟ್ ಮಾಡುತ್ತದೆ, ಬಟವಾಡೆ ಕೊನೆಗೊಮ್ಮೆ ಮಾಡುತ್ತದೆ.

ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ ಅನ್ನಬಹುದು. ನಿಜವೇ. ಆದರೆ ಡೇರಿಯಲ್ಲಿ ಒಂದು ಸಾಮಾನು ತರಬೇಕಾದರೆ ಆಡಳಿತ ಮಂಡಳಿ ಸಭೆಯಲ್ಲಿ ತೀರ್ಮಾನ ಆಗಬೇಕು. ಕೋಡ್ ತಿದ್ದೋದೇ ಸುಲಭ.

ಇನ್ನು ಕ್ವೆರಿ. ಪ್ರತಿ ಸದಸ್ಯರಿಗೂ ಒಂದೊಂದು ಕ್ವೆರಿ ಹೋಗುತ್ತಿತ್ತು. ‘ಲೂಪ್ ಒಳಗೆ ಕ್ವೆರಿ ಬೇಡ’, ಅಂದರೆ ಒಂದೊಂದಾಗಿ ಮತ್ತೆ ಮತ್ತೆ ಕೇಳಬೇಡ ಅನ್ನೋದು ನಾವೆಲ್ಲ ಕೇಳಿರುವ ಮಾತು. ಡೇಟಾಬೇಸ್ ಬೇರೆ ಸರ್ವರ್‌ನಲ್ಲಿದ್ದರೆ ಅದು ಸರಿ, ಪ್ರತಿ ಕ್ವೆರಿಗೂ ನೆಟ್‌ವರ್ಕ್ ದಾಟಿ ಹೋಗಿ ಬರಬೇಕು. ಎಸ್‌ಕ್ಯೂಲೈಟ್ ನಮ್ಮ ಪ್ರೋಗ್ರಾಮ್ ಒಳಗೇ ಓಡುತ್ತದೆ, 300 ಕ್ವೆರಿ ಅದಕ್ಕೆ ದೊಡ್ಡದಲ್ಲ. ತೊಂದರೆ ಇದ್ದದ್ದು ಇಂಡೆಕ್ಸ್ (ಬೇಕಾದ ಸಾಲು ಎಲ್ಲಿದೆ ಅಂತ ತೋರಿಸುವ ಸೂಚಿ) ಇಲ್ಲದ್ದರಲ್ಲಿ. ದಿನಕ್ಕೆ 600 ನಮೂದು ಅಂದರೆ ಮೂರು ವರ್ಷಕ್ಕೆ ಆರೂವರೆ ಲಕ್ಷ ಸಾಲು. ಒಬ್ಬ ಸದಸ್ಯರ 30 ಸಾಲು ಹುಡುಕಲು ಅಷ್ಟನ್ನೂ ಓದುತ್ತಿತ್ತು, ಹೀಗೆ 300 ಸಲ. ಒಟ್ಟು 19 ಕೋಟಿಗೂ ಜಾಸ್ತಿ ಸಾಲು. ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್ ಕ್ವೆರಿ ಪ್ಲಾನ್’ ಅಂತ ಹಾಕಿದರೆ ‘ಸ್ಕ್ಯಾನ್’, ಅಂದರೆ ಎಲ್ಲ ಸಾಲೂ ಓದುತ್ತಿದೆ ಅಂತ ಬಂತು. ಸದಸ್ಯರ ಸಂಖ್ಯೆ, ದಿನಾಂಕ, ಈ ಕ್ರಮದಲ್ಲಿ ಇಂಡೆಕ್ಸ್ ಹಾಕಿದ ಮೇಲೆ ‘ಸರ್ಚ್’, ಅಂದರೆ ಬೇಕಾದ ಸಾಲಿಗೆ ನೇರ ಹೋಗುತ್ತಿದೆ ಅಂತ ಬಂತು.

ಕ್ರಮ ಮುಖ್ಯ. ಹಳೇ ಲೆಡ್ಜರ್‌ನಲ್ಲಿ ಪ್ರತಿ ಸದಸ್ಯರಿಗೂ ಒಂದು ಪುಟ, ಪುಟದೊಳಗೆ ತಾರೀಖಿನ ಸಾಲು ಇರುತ್ತಿತ್ತಲ್ಲ, ಹಾಗೆ. ‘ನಿನ್ನೆ ಡೇರಿಗೆ ಒಟ್ಟು ಎಷ್ಟು ಹಾಲು ಬಂತು’ ಅನ್ನೋ ಪ್ರಶ್ನೆಗೆ ಈ ಇಂಡೆಕ್ಸ್‌ನಿಂದ ಅಷ್ಟು ಉಪಯೋಗ ಇಲ್ಲ. ಜೊತೆಗೆ ಇದು ಪುಕ್ಕಟೆಯೂ ಅಲ್ಲ: ಫೈಲ್ ದಪ್ಪ ಆಗುತ್ತದೆ, ಪ್ರತಿ ಹೊಸ ನಮೂದಿಗೂ ಇಂಡೆಕ್ಸ್‌ನಲ್ಲೂ ಬರೆಯಬೇಕು. ಹೊತ್ತಿಗೆ 300 ನಮೂದು ತಾನೇ, ಸಹಿಸಿಕೊಳ್ಳಬಹುದು.

ಕ್ಲಾಸ್‌ಗಳನ್ನು ಹಾಗೇ ಬಿಟ್ಟೆ. 9,000 ನಮೂದುಗಳನ್ನು ಆ ಅಚ್ಚಿನ ಒಂದೊಂದು ಆಬ್ಜೆಕ್ಟ್ ಮಾಡಿದರೂ ಮೆಮೊರಿ ಕೆಲವೇ ಎಂಬಿ. ಕೋಡ್ ಓದೋದಕ್ಕೆ ಚೆನ್ನಾಗಿದೆ, ಸುಮ್ನೆ ಯಾಕೆ ಕೆಡಿಸಬೇಕು?

ದುಡ್ಡಿನ ವಿಚಾರದಲ್ಲಿ ಮಾತ್ರ ವೇಗ ನೋಡದೆ ಬದಲಾಯಿಸಿದೆ. ಕಂಪ್ಯೂಟರ್ ದಶಮಾಂಶವನ್ನು ಸ್ವಲ್ಪ ಅಂದಾಜಾಗಿ ಇಡುತ್ತದೆ, ಹಾಗಾಗಿ ಪೈಥಾನ್‌ನಲ್ಲಿ 41 ಅನ್ನು 0.1 ರಿಂದ ಗುಣಿಸಿದರೆ 4.1000000000000005 ಬರುತ್ತದೆ. 4.1 ಫ್ಯಾಟ್‌ಗೆ ದರಪಟ್ಟಿಯಲ್ಲಿ ಹುಡುಕಿದರೆ ಸಿಗಲ್ಲ. ಈಗ 4.1 ಫ್ಯಾಟ್ ಅನ್ನು 41 ಅಂತ, 8.5 ಎಸ್‌ಎನ್‌ಎಫ್ ಅನ್ನು 85 ಅಂತ ಇಡುತ್ತೇನೆ, ದುಡ್ಡು ಪೈಸೆಯಲ್ಲಿ, ಹಾಲು ಮಿಲಿಲೀಟರ್‌ನಲ್ಲಿ, ಎಲ್ಲ ಪೂರ್ಣ ಸಂಖ್ಯೆ. ಕೊನೆಗೆ ಒಂದೇ ಸಲ ರೌಂಡ್ ಮಾಡುತ್ತೇನೆ. ಪೈಥಾನ್‌ನ ಡೆಸಿಮಲ್ (ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ಬಗೆ) ಬಳಸಬಹುದಿತ್ತು, ಅದೂ ಸರಿಯಾದ ದಾರಿಯೇ. ಆದರೆ ಎಸ್‌ಕ್ಯೂಲೈಟ್‌ನಲ್ಲಿ ಅದಕ್ಕೆ ಅಂತ ಬೇರೆ ಬಗೆ ಇಲ್ಲ, ಅಕ್ಷರವಾಗಿ ಇಟ್ಟು ಮತ್ತೆ ಮತ್ತೆ ಬದಲಾಯಿಸಬೇಕು.

ಹೆಸರು ಹುಡುಕುವಾಗ ಇನ್ನೊಂದು ಕಂಡಿತು. ‘ಬೋರೇಗೌಡ’ ಅಂತ ಟೈಪ್ ಮಾಡಿದರೆ ಕೆಲವರು ಸಿಗುತ್ತಿರಲಿಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಇಡುವ ಯೂನಿಕೋಡ್ ಪದ್ಧತಿಯಲ್ಲಿ ‘ಬೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ, ಹೋಲಿಸುವಾಗ ಬೇರೆ ಬೇರೆ. ಹುಡುಕುವಾಗಲೆಲ್ಲ ಎಲ್ಲ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪ) ತರಬಹುದಿತ್ತು. ನಾನು ಹೆಸರು ಉಳಿಸುವಾಗಲೇ ತಂದೆ. ಹೆಸರು ಬರೆಯೋದು ಒಂದು ಸಲ, ಹುಡುಕೋದು ದಿನಾ. ಹುಡುಕುವಾಗ ಹುಡುಕುವ ಪದವೊಂದನ್ನೇ ಆ ರೂಪಕ್ಕೆ ತಂದರೆ ಸಾಕು.

ಮಾರ್ಚ್ 31 ಕಳೆದ ಮೇಲೆ ಆಡಿಟ್‌ಗೆ ತೆಗೆಯುವ ವರ್ಷದ ವರದಿ ಈಗಲೂ ನಿಧಾನವೇ. ಅದನ್ನು ಚುರುಕು ಮಾಡಲು ದಿನದ ಮೊತ್ತಕ್ಕೆ ಬೇರೆ ಟೇಬಲ್ ಇಡಬೇಕು. ಆಮೇಲೆ ಒಂದು ನಮೂದು ತಿದ್ದಿದಾಗೆಲ್ಲ ಎರಡೂ ಕಡೆ ತಿದ್ದಬೇಕು. ಎಲ್ಲಾದರೂ ಒಂದು ಕಡೆ ತಪ್ಪಿದರೆ ಎರಡು ಲೆಕ್ಕ ತಾಳೆಯಾಗಲ್ಲ. ವರ್ಷಕ್ಕೊಂದು ಸಲ ಓಡಿಸುವ ವರದಿಗೆ ಅಷ್ಟು ಬೇಡ ಅಂತ ಬಿಟ್ಟಿದ್ದೇನೆ. ಸೆಕ್ರೆಟರಿಯವರೂ ಒಪ್ಪಿದ್ದಾರೆ.