‘ಟಣ್’ ಎನ್ನುವ ಸ್ಪ್ರಿಂಗ್: ಎಲೆಕ್ಟ್ರಿಕ್ ಕಾರಿನ ಸ್ಟ್ರಟ್ ಬೇರಿಂಗ್ ಬದಲಿಸುವುದು ಹೇಗೆ?

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು, ಕಂಬ ತಪ್ಪಿಸಿ ನಮ್ಮ ಜಾಗಕ್ಕೆ ಕಾರು ತಿರುಗಿಸುವಾಗ ಆ ಸದ್ದು ಬರುತ್ತಿತ್ತು. ಮೊದಲು ಹಳೇ ಬಾಗಿಲಿನ ಹಾಗೆ ಕಿರ್ರ್, ಆಮೇಲೆ ತಂಬೂರಿ ತಂತಿ ಮೀಟಿ ಬಿಟ್ಟ ಹಾಗೆ ‘ಟಣ್’. ಪೆಟ್ರೋಲ್ ಕಾರಾಗಿದ್ದರೆ ಎಂಜಿನ್ ಗದ್ದಲದಲ್ಲಿ ಇನ್ನಾರು ತಿಂಗಳು ಕಿವಿಗೇ ಬೀಳುತ್ತಿರಲಿಲ್ಲವೇನೋ. ಎಲೆಕ್ಟ್ರಿಕ್ ಕಾರಿನಲ್ಲಿ ಡ್ಯಾಶ್‌ಬೋರ್ಡ್ ಮೇಲಿನ ಪೆನ್ನು ಉರುಳಿದರೂ ಕೇಳುತ್ತದೆ.

ಬೀದಿ ತುದಿಯ ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಬಾನೆಟ್ ಎತ್ತಿ, ಕಿತ್ತಳೆ ಬಣ್ಣದ ಕೇಬಲ್ ಕಂಡವನೇ ಎರಡು ಹೆಜ್ಜೆ ಹಿಂದೆ ಸರಿದ. ‘ಕರೆಂಟ್ ಗಾಡಿ ನಾವು ಮುಟ್ಟಲ್ಲ ಸಾರ್’ ಎಂದ. ಇನ್ನೊಂದು ಕಡೆ ಕೇಳಿದರೆ ಎರಡೂ ಶಾಕಪ್ (ಶಾಕ್ ಅಬ್ಸಾರ್ಬರ್) ಪೂರ್ತಿ ಬದಲಿಸಬೇಕೆಂದು ಎಸ್ಟಿಮೇಟ್ ಬರೆದುಕೊಟ್ಟರು. ಹಾಳಾಗಿದ್ದದ್ದು ಸ್ಟ್ರಟ್ ಬೇರಿಂಗ್ ಎಂಬ ಅಂಗೈಯಗಲದ ಒಂದು ಉಂಗುರ ಅಷ್ಟೆ. ಕೊನೆಗೆ ಸ್ಟ್ರಟ್ಟನ್ನು, ಅಂದರೆ ಮುಂದಿನ ಚಕ್ರದ ಶಾಕ್ ಮತ್ತು ಸ್ಪ್ರಿಂಗ್ ಸೇರಿದ ಕಂಬವನ್ನು, ನಾನೇ ಬಿಚ್ಚಿ, ಗೋಣಿಚೀಲದಲ್ಲಿ ಹಾಕಿಕೊಂಡು ಅದೇ ಮೇಸ್ತ್ರಿಯ ಮುಂದೆ ಇಟ್ಟೆ. ಚೀಲದಲ್ಲಿರುವುದು ಬರೀ ಕಬ್ಬಿಣ, ರಬ್ಬರು. ಅದಕ್ಕೆ ಕರೆಂಟಿನ ಭಯವಿಲ್ಲ. ಹತ್ತಿರದಲ್ಲಿ ಕರೆಂಟ್ ಗಾಡಿ ಮುಟ್ಟುವ ಗ್ಯಾರೇಜ್ ಇಲ್ಲದವರಿಗೆ ಇದೇ ದಾರಿಯನ್ನು ನಾನು ಹೇಳುವುದು. ವಾರಂಟಿ ಇನ್ನೂ ಇದ್ದರೆ ಮಾತ್ರ ಈ ಲೇಖನ ಇಲ್ಲಿಗೇ ಬಿಟ್ಟು ನೇರ ಸರ್ವಿಸ್ ಸೆಂಟರಿಗೆ ಹೋಗಿ.

ಆ ಉಂಗುರಕ್ಕೇನು ಕೆಲಸ?

ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಏರ್ಪಾಡು ಇದು. 1983ರಲ್ಲಿ ಬಂದ ಮಾರುತಿ 800ರಲ್ಲಿ ಇದೇ ಇತ್ತು, 2020ರಲ್ಲಿ ಬಂದ ನೆಕ್ಸಾನ್ ಇವಿಯಲ್ಲೂ ಇದೇ ಇದೆ. ಬ್ಯಾಟರಿ ಬಂದರೂ ಮುಂದಿನ ಕಾಲು ಬದಲಾಗಿಲ್ಲ.

ಶಾಕ್ ಅಬ್ಸಾರ್ಬರ್, ಅದರ ಸುತ್ತ ಸುರುಳಿ ಸ್ಪ್ರಿಂಗ್, ತಲೆಯ ಮೇಲೆ ರಬ್ಬರಿನ ಮೌಂಟ್. ಇವೆಲ್ಲ ಒಂದೇ ಕಂಬವಾಗಿ ಚಕ್ರವನ್ನೂ ಬಾಡಿಯನ್ನೂ ಜೋಡಿಸುತ್ತವೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಜೊತೆ ಇಡೀ ಕಂಬ ತಿರುಗುತ್ತದೆ, ಆದರೆ ಮೇಲಿನ ಮೌಂಟ್ ಬಾಡಿಗೆ ಕಚ್ಚಿಕೊಂಡು ಅಲ್ಲೇ ನಿಂತಿರುತ್ತದೆ. ತಿರುಗುವುದಕ್ಕೂ ತಿರುಗದಿರುವುದಕ್ಕೂ ನಡುವೆ ಕೂತಿರುವುದೇ ಸ್ಟ್ರಟ್ ಬೇರಿಂಗ್. 1400 ಕೆ.ಜಿ.ಯ ಕಾರಿನಲ್ಲಿ ಅರ್ಧ ಭಾರ ಮುಂದಿದ್ದರೆ, ಒಂದೊಂದು ಬದಿಗೂ ಸುಮಾರು 350 ಕೆ.ಜಿ. ಬೀಳುತ್ತದೆ. ಹಂಪ್ ಹಾರಿದಾಗ ಇನ್ನೂ ಹೆಚ್ಚು. ಬೇರಿಂಗ್ ಬಿಗಿದುಕೊಂಡರೆ ಸ್ಪ್ರಿಂಗ್ ತಿರುಗಲಾರದೆ ತಿರುಚಿಕೊಳ್ಳುತ್ತದೆ. ತಡೆಯಲಾರದಷ್ಟಾದಾಗ ಒಮ್ಮೆಲೇ ಜಾರುತ್ತದೆ. ಆ ಜಾರುವ ಸದ್ದೇ ‘ಟಣ್’.

ಬ್ಯಾಟರಿ ಭಾರಕ್ಕೇ ಬೇರಿಂಗ್ ಹೋಯಿತು ಎಂದು ಹೇಳುವವರಿದ್ದಾರೆ. ನನಗೇನೋ ಅದು ಅರ್ಧ ಮಾತು ಅನಿಸುತ್ತದೆ. ಬ್ಯಾಟರಿ ಕೂತಿರುವುದು ಕಾರಿನ ಹೊಟ್ಟೆಯ ಕೆಳಗೆ, ಅದರ ಭಾರ ನಾಲ್ಕೂ ಚಕ್ರಕ್ಕೆ ಹಂಚಿಹೋಗುತ್ತದೆ. ಬೇರಿಂಗಿನ ನಿಜವಾದ ಶತ್ರುಗಳು ಕೆಸರುನೀರು, ದೂಳು ಮತ್ತು ಬಣ್ಣ ಬಳಿಯದ ಹಂಪ್.

ಮೊದಲು ಕಳ್ಳನನ್ನು ಹಿಡಿಯಿರಿ

ಮುಂದಿನ ಚಕ್ರದ ಹತ್ತಿರ ಸದ್ದು ಮಾಡುವವರು ಹಲವರು. ಸಣ್ಣ ಗುಂಡಿಗಳ ಮೇಲೆ ‘ಲೊಟಲೊಟ’ ಅಂದರೆ ಹೆಚ್ಚಾಗಿ ಲಿಂಕ್ ರಾಡ್ (ಸ್ಟ್ರಟ್ಟನ್ನು ಸ್ಟೆಬಿಲೈಜರ್ ಬಾರ್ ಎಂಬ ಅಡ್ಡಕಂಬಿಗೆ ಜೋಡಿಸುವ ಸಣ್ಣ ಕಡ್ಡಿ). ಪೂರ್ತಿ ತಿರುವಿನಲ್ಲಿ ಗಾಡಿ ಚಲಿಸುವಾಗ ‘ಕಟಕಟ’ ಅಂದರೆ ಆಕ್ಸಲ್ ತುದಿಯ ಸಿವಿ ಜಾಯಿಂಟ್. ವೇಗ ಏರಿದಂತೆ ಏರುವ ಗುಂಯ್‌ಗುಡುವಿಕೆ ವೀಲ್ ಬೇರಿಂಗಿನದು. ಸ್ಟ್ರಟ್ ಬೇರಿಂಗ್ ಮಾತ್ರ ಗಾಡಿ ನಿಂತಿದ್ದರೂ ಸ್ಟೀರಿಂಗ್ ತಿರುಗಿಸಿದರೆ ಸಾಕು, ಮಾತಾಡುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳದೆ ಸೋಮಾರಿಯಾಗುವುದೂ ಇದರ ಇನ್ನೊಂದು ಗುರುತು.

ಪರೀಕ್ಷೆಗೆ ಇಬ್ಬರು ಬೇಕು. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿಡಿ. ಪವರ್ ಸ್ಟೀರಿಂಗ್ ಬೇಕಾದ್ದರಿಂದ ಕಾರು ಆನ್ ಇರಲೇಬೇಕು. ಹಾಗಾಗಿ ಒಳಗೆ ಕೂತವರ ಕಾಲು ಬ್ರೇಕ್ ಬಿಟ್ಟು ಕದಲಬಾರದು. ಸದ್ದಿಲ್ಲದ ಗಾಡಿ ಹೊರಟದ್ದೇ ಗೊತ್ತಾಗುವುದಿಲ್ಲ. ಟೈರಿನ ಮೇಲಿಂದ ಕೈ ಹಾಕಿ ಸ್ಪ್ರಿಂಗಿನ ಹೊರಮೈಗೆ ಬೆರಳತುದಿ ತಾಗಿಸಿ. ಸುರುಳಿಗಳ ನಡುವೆ ತೂರಿಸಬೇಡಿ. ಒಳಗಿನವರು ನಿಧಾನ ಸ್ಟೀರಿಂಗ್ ತಿರುಗಿಸಲಿ. ಸ್ಪ್ರಿಂಗ್ ನಯವಾಗಿ ತಿರುಗಿದರೆ ಬೇರಿಂಗ್ ಚೆನ್ನಾಗಿದೆ. ಹಿಡಿದು ಹಿಡಿದು ಜಿಗಿದರೆ ಕಳ್ಳ ಸಿಕ್ಕಿದ. ನನ್ನ ಮಗಳು ಸ್ಟೀರಿಂಗ್ ಹಿಡಿದಿದ್ದಳು. ಎಡಗಡೆ ಸ್ಪ್ರಿಂಗ್ ಬೆರಳಿಗೆ ಪಟ್ಟೆಂದು ಹೊಡೆದಾಗ ನನಗಿಂತ ಮೊದಲು ‘ಅಪ್ಪಾ, ಅದೇ!’ ಎಂದವಳು ಅವಳು.

ಸಾಮಾನು

ಬೇರಿಂಗ್ ಎರಡು ಕೊಳ್ಳಿ. ಒಂದು ಬದಿಯದು ಹೋಗಿದ್ದರೆ ಇನ್ನೊಂದರದ್ದೂ ಅಷ್ಟೇ ವಯಸ್ಸು. ಬೆಂಗಳೂರಿನವರಿಗೆ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆ ಇದ್ದೇ ಇದೆ, ಆದರೆ ಬರೀ ಕಾರಿನ ಹೆಸರು ಹೇಳಿದರೆ ಸಾಲದು, ಚಾಸಿಸ್ ನಂಬರ್ ಕೊಟ್ಟೇ ಪಾರ್ಟ್ ನಂಬರ್ ತೆಗೆಸಿ. ಅದೇ ಕಾರಿನ ಪೆಟ್ರೋಲ್ ಮಾದರಿಯದು ನೋಡಲು ಒಂದೇ ಥರ ಇದ್ದರೂ ಹೊಂದುತ್ತದೆ ಎಂಬ ಖಾತ್ರಿಯಿಲ್ಲ. ಮೇಲಿನ ರಬ್ಬರ್ ಮೌಂಟ್ ಬಿರುಕು ಬಿಟ್ಟಿದ್ದರೆ ಅದನ್ನೂ, ಸ್ಟ್ರಟ್ ತಲೆಯ ನಡುವಿನ ಲಾಕ್ ನಟ್‌ಗಳನ್ನು ಹೊಸದಾಗಿಯೂ ತನ್ನಿ.

ಸಲಕರಣೆ: ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು, ಸಾಕೆಟ್ ಸೆಟ್, ಉದ್ದ ಹಿಡಿಯ ಪಾನಾ, ಅಲೆನ್ ಕೀ, ಟಾರ್ಕ್ ರೆಂಚ್, ತುಕ್ಕು ಬಿಡಿಸುವ ಎಣ್ಣೆ, ಬಿಳಿ ಪೇಂಟ್ ಮಾರ್ಕರ್, ಕಟ್ಟುತಂತಿ. ಎಣ್ಣೆಯನ್ನು ಹಿಂದಿನ ರಾತ್ರಿಯೇ ನಟ್ಟುಗಳಿಗೆ ಬಿಟ್ಟಿಡಿ. ಒಂದೊಂದಕ್ಕೆ ಬಿಗಿಸಬೇಕಾದ ಟಾರ್ಕ್ (ತಿರುಗಿಸುವ ಬಲ) ಎಷ್ಟೆಂದು ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ.

ಕರೆಂಟಿನ ವಿಷಯ

ಕಿತ್ತಳೆ ಕೇಬಲ್ ಎಂದರೆ ಹೈ ವೋಲ್ಟೇಜ್. ಎಷ್ಟೋ ಕಾರುಗಳಲ್ಲಿ ಅದು 300 ವೋಲ್ಟ್‌ಗೂ ಮೇಲೆ. ಸ್ಟ್ರಟ್ ಬಿಚ್ಚಲು ಆ ಕೇಬಲ್ಲಿನ ಸಹವಾಸ ಸಾಮಾನ್ಯವಾಗಿ ಬೇಕಿಲ್ಲ. ನಿಮ್ಮ ಕಾರಿನಲ್ಲಿ ಸ್ಟ್ರಟ್ ತಲೆಯ ನಟ್ಟು ಮುಟ್ಟಲು ಕಿತ್ತಳೆ ಕೇಬಲ್ಲನ್ನೋ ಅದು ಸೇರುವ ಪೆಟ್ಟಿಗೆಯನ್ನೋ ಸರಿಸಲೇಬೇಕಾದರೆ ಅಲ್ಲಿಗೇ ನಿಲ್ಲಿಸಿ, ತರಬೇತಿ ಪಡೆದವರಿಗೆ ಬಿಡಿ. ಇದರಲ್ಲಿ ಧೈರ್ಯ ತೋರಿಸುವಂಥದ್ದೇನೂ ಇಲ್ಲ.

ಚಾರ್ಜಿಂಗ್ ಗನ್ ಕಿತ್ತಿರಬೇಕು. ಕಾರು ಆಫ್ ಆಗಿ, ಕೀಲಿಕೈ ಮನೆಯೊಳಗಿರಬೇಕು, ಪ್ಯಾಂಟಿನ ಜೇಬಿನಲ್ಲಲ್ಲ. ಜಾಕಿಯದು ಇನ್ನೂ ಮುಖ್ಯ. ಅಡಿಯಲ್ಲಿ ಅಗಲಕ್ಕೆ ಹಾಸಿದಂತೆ ಕಾಣುವ ತಟ್ಟೆಯೇ ಬ್ಯಾಟರಿಯ ಪೆಟ್ಟಿಗೆ. ಪೆಟ್ರೋಲ್ ಕಾರಿನ ಅಭ್ಯಾಸದಲ್ಲಿ ಅದಕ್ಕೆ ಜಾಕಿ ಕೊಟ್ಟರೆ ಸ್ಟ್ರಟ್ ಬೇರಿಂಗಿನ ದುಡ್ಡು ಉಳಿಸಲು ಹೋಗಿ ಕಾರಿನ ದುಡ್ಡು ಕಳೆದಂತೆ. ಹ್ಯಾಂಡ್‌ಬುಕ್ಕಿನಲ್ಲಿ ಗುರುತಿಸಿದ ಜಾಗಗಳಿಗೆ ಮಾತ್ರ ಜಾಕಿ, ಅಲ್ಲಿಗೇ ಸ್ಟ್ಯಾಂಡ್.

ಬಿಚ್ಚುವುದು

ಚಕ್ರ ನೆಲದಲ್ಲಿರುವಾಗಲೇ ಚಕ್ರದ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿ. ಹಿಂದಿನ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಮುಂಭಾಗದ ಎರಡೂ ಬದಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಒಂದೇ ಬದಿ ಎತ್ತಿದರೆ ಎರಡು ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್ ತಿರುಚಿಕೊಂಡು ಲಿಂಕ್ ರಾಡಿನ ನಟ್ಟು ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತದೆ. ಈ ಸಣ್ಣ ಗುಟ್ಟು ಗೊತ್ತಿಲ್ಲದೆ ಮೊದಲ ದಿನ ಒಂದು ಗಂಟೆ ಹಾಳುಮಾಡಿದೆ.

ಚಕ್ರ ಕಳಚಿದ ಮೇಲೆ ಸ್ಟ್ರಟ್ಟಿಗೆ ಅಂಟಿಕೊಂಡ ಬ್ರೇಕ್ ಹೋಸ್ ಮತ್ತು ಎಬಿಎಸ್ ಸೆನ್ಸರ್ ವೈರಿನ ಕ್ಲಿಪ್ ಬಿಡಿಸಿ. ಲಿಂಕ್ ರಾಡಿನ ನಟ್ಟು ತೆಗೆಯುವಾಗ ಒಳಗಿನ ಬೋಲ್ಟೂ ಸುತ್ತುತ್ತದೆ, ಅದನ್ನು ಅಲೆನ್ ಕೀಯಲ್ಲಿ ಹಿಡಿದುಕೊಳ್ಳಿ. ಸ್ಟ್ರಟ್ ಬುಡವನ್ನು ನಕಲ್‌ಗೆ (ಚಕ್ರವನ್ನು ಹೊತ್ತ ಲೋಹದ ತುಂಡು) ಕಟ್ಟಿದ ಎರಡು ದಪ್ಪ ಬೋಲ್ಟ್‌ಗಳಿರುತ್ತವೆ. ಬಿಚ್ಚುವ ಮುಂಚೆ ಅವುಗಳ ತಲೆಯ ಸುತ್ತ, ಸ್ಟ್ರಟ್ ಮತ್ತು ನಕಲ್ ಸೇರುವ ಅಂಚಿನ ಮೇಲೆ ಬಿಳಿ ಗೆರೆ ಎಳೆಯಿರಿ. ಚಕ್ರದ ವಾಲು ಅಲ್ಲೇ ನಿಂತಿರುವುದು. ಕೆಲವು ಕಾರುಗಳಲ್ಲಿ ಈ ಬೋಲ್ಟ್‌ನ ಕುತ್ತಿಗೆಗೆ ಹಲ್ಲುಗಳಿರುತ್ತವೆ. ಹಾಗಾಗಿ ಬೋಲ್ಟನ್ನು ತಿರುಗಿಸದೆ ನಟ್ಟನ್ನು ಮಾತ್ರ ತಿರುಗಿಸಿ.

ಬೋಲ್ಟ್ ಕಳಚುವ ಮೊದಲೇ ನಕಲನ್ನು ಕಟ್ಟುತಂತಿಯಿಂದ ಮೇಲೆ ಕಟ್ಟಿ. ಅದು ಹೊರಕ್ಕೆ ಮಗುಚಿದರೆ ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ, ಮೋಟರಿನಿಂದ ಬರುವ ಆಕ್ಸಲ್ ಒಳತುದಿಯಲ್ಲಿ ಕಳಚಿಕೊಳ್ಳಲೂಬಹುದು. ಕೊನೆಗೆ ಬಾನೆಟ್ ಕೆಳಗೆ, ಸ್ಟ್ರಟ್ ತಲೆಯ ಸುತ್ತಲಿನ ನಟ್ಟುಗಳು. ಹೆಚ್ಚಿನ ಕಾರುಗಳಲ್ಲಿ ಮೂರಿರುತ್ತವೆ. ಒಂದು ಕೈಯಲ್ಲಿ ಸ್ಟ್ರಟ್ ಹಿಡಿದು ಇನ್ನೊಂದರಲ್ಲಿ ಅವನ್ನು ಬಿಚ್ಚಿ.

ನಡುವಿನ ದೊಡ್ಡ ನಟ್ಟನ್ನು ಮುಟ್ಟಬೇಡಿ.

ಸ್ಪ್ರಿಂಗ್: ಇಲ್ಲಿ ನಾನು ನಿಲ್ಲುತ್ತೇನೆ

ಆ ನಡುವಿನ ನಟ್ಟು ಹಿಡಿದಿಟ್ಟಿರುವುದು ಅದುಮಿದ ಸ್ಪ್ರಿಂಗನ್ನು. ಸ್ಪ್ರಿಂಗ್ ಹಾಗೇ ಇರುವಾಗ ಅದನ್ನು ಬಿಚ್ಚಿದರೆ ಮೌಂಟ್ ತೋಪಿನ ಗುಂಡಿನಂತೆ ಹಾರುತ್ತದೆ. ಮುಖ, ಕೈ ಏನು ಅಡ್ಡ ಬಂದರೂ ಅದಕ್ಕೆ ಲೆಕ್ಕವಿಲ್ಲ. ಅಂಗಡಿಯಲ್ಲಿ ಎರಡು ಉದ್ದ ಬೋಲ್ಟಿನ ಕೊಕ್ಕೆ ಕಂಪ್ರೆಸರ್ ಅಗ್ಗಕ್ಕೆ ಸಿಗುತ್ತದೆ. ಎದುರುಬದುರು ಹಾಕಿ, ಒಂದಕ್ಕೆರಡು ಸುತ್ತು, ಇನ್ನೊಂದಕ್ಕೆರಡು ಸುತ್ತು ಎಂದು ಸಮವಾಗಿ ಬಿಗಿಸಿದರೆ ಕೆಲಸ ಆಗುತ್ತದೆ, ನಿಜ. ಆದರೆ ಕೊಕ್ಕೆ ಸುರುಳಿಯ ಮೇಲೆ ಜಾರುವುದನ್ನು ಒಮ್ಮೆ ನೋಡಿದವರು ಮತ್ತೆ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಗ್ಯಾರೇಜಿನಲ್ಲಿ ನೆಲಕ್ಕೆ ಬಿಗಿದ ಸ್ಪ್ರಿಂಗ್ ಪ್ರೆಸ್ ಇರುತ್ತದೆ. ಗೋಣಿಚೀಲ ತೆಗೆದುಕೊಂಡು ಅಲ್ಲಿಗೇ ಹೋಗಿ.

ಮೇಸ್ತ್ರಿ ಪ್ರೆಸ್ಸಿಗೆ ಹಾಕುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ, ಸ್ಪ್ರಿಂಗ್ ತುದಿ ಎಲ್ಲಿ ಕೂತಿದೆ, ಮೌಂಟಿನ ಬೋಲ್ಟ್‌ಗಳು ಯಾವ ದಿಕ್ಕಿಗಿವೆ ಎಂದು ಬಿಳಿ ಗುರುತು ಹಾಕಿ. ಪ್ರೆಸ್ ಅದುಮಿ, ಸ್ಪ್ರಿಂಗ್ ತನ್ನ ತಟ್ಟೆಗಳ ನಡುವೆ ಸಡಿಲವಾಗಿ ಕೈಯಲ್ಲಿ ಅಲುಗಾಡಿದ ಮೇಲಷ್ಟೇ ನಡುವಿನ ನಟ್ಟು. ಶಾಕಿನ ಕಡ್ಡಿ ಸುತ್ತದಂತೆ ಅದನ್ನು ಅಲೆನ್ ಕೀಯಲ್ಲಿ ಹಿಡಿಯಬೇಕು. ನಟ್ಟು, ಮೌಂಟ್, ಬೇರಿಂಗ್, ಸ್ಪ್ರಿಂಗಿನ ಮೇಲ್ತಟ್ಟೆ, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ಮೆತ್ತೆ), ದೂಳುಗವಸು. ಬಿಚ್ಚಿದ ಸಾಲಿನಲ್ಲೇ ಪೇಪರಿನ ಮೇಲೆ ಇಡಿ.

ನಮ್ಮ ಎಡಗಡೆಯ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದರೆ ಬೀಸುವ ಕಲ್ಲಿಗೆ ರಾಗಿ ಹಾಕಿದ ಸದ್ದು. ಕಾಫಿ ಬಣ್ಣದ ನೀರು ಒಸರಿತು. ಮೇಸ್ತ್ರಿ ಸ್ಕ್ರೂ ಡ್ರೈವರಿನಿಂದ ಎರಡು ಹೋಳು ಮಾಡಿ ತೋರಿಸಿದ. ಗುಂಡುಗಳು ಓಡುವ ದಾರಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕುಳಿಗಳು. ಕಾರು ಬಹುಪಾಲು ನೇರಕ್ಕೇ ಓಡುತ್ತದಲ್ಲ, ಗುಂಡುಗಳೂ ಅದೇ ಜಾಗದಲ್ಲಿ ಕೂತು ಹಂಪ್ ಹಂಪಿಗೂ ಕುಟ್ಟಿ ಗುಳಿ ಮಾಡಿದ್ದವು. ಸ್ಟೀರಿಂಗ್ ನಡುಮಧ್ಯದಲ್ಲಿ ಯಾಕೆ ಹಿಡಿದಂತಾಗುತ್ತಿತ್ತು ಎಂಬುದು ಆಗ ತಿಳಿಯಿತು.

ಅಲ್ಲೇ ಉಳಿದದ್ದನ್ನೂ ನೋಡಿಬಿಡಿ. ಶಾಕಿನ ಮೈಮೇಲೆ ಎಣ್ಣೆ ಹರಿದಿದೆಯೇ, ಬಂಪ್ ಸ್ಟಾಪ್ ಹಳೇ ಸ್ಪಂಜಿನಂತೆ ಉದುರುತ್ತಿದೆಯೇ? ಎಣ್ಣೆ ಹರಿದಿದ್ದರೆ ಆ ಎಸ್ಟಿಮೇಟ್ ಬರೆದುಕೊಟ್ಟವರ ಮಾತೇ ನಿಜ ಎಂದು ಒಪ್ಪಿಕೊಳ್ಳಿ.

ಮತ್ತೆ ಜೋಡಿಸುವುದು

ಹೊಸ ಬೇರಿಂಗಿಗೆ ಮೇಲು ಕೆಳಗು ಇದೆ. ಎಷ್ಟೋ ಬೇರಿಂಗುಗಳನ್ನು ತಲೆಕೆಳಗಾಗಿಯೂ ಕೂರಿಸಬಹುದು, ಸಮಸ್ಯೆಯೇ ಅದು. ಹಳೆಯದು ಕೂತಿದ್ದ ಫೋಟೊ ನೋಡಿ, ಪೆಟ್ಟಿಗೆಯ ಮೇಲಿನ ಗುರುತು ನೋಡಿ ಕೂರಿಸಿ. ಮುಚ್ಚಿದ ಬೇರಿಂಗ್ ಆದರೆ ಗ್ರೀಸ್ ತುಂಬಲು ಹೋಗಬೇಡಿ, ಕೂರುವ ತಟ್ಟೆಯ ತುಕ್ಕು ಮಣ್ಣು ಒರೆಸಿದರೆ ಸಾಕು. ಸ್ಪ್ರಿಂಗಿನ ಕೆಳತುದಿ ತಟ್ಟೆಯ ಮೆಟ್ಟಿಲಿಗೆ ತಾಗಿರಬೇಕು. ಹೊಸ ನಟ್ಟು ಹಾಕಿ ಚೀಟಿಯ ಲೆಕ್ಕಕ್ಕೆ ಬಿಗಿಸಿ, ಆಮೇಲೆ ಪ್ರೆಸ್ ನಿಧಾನ ಬಿಡಿಸಿ.

ಕಾರಿಗೆ ಹಾಕುವಾಗ ಮೊದಲು ತಲೆಯ ನಟ್ಟುಗಳನ್ನು ಕೈಯಲ್ಲೇ ಹಿಡಿಸಿ, ಬುಡದ ಬೋಲ್ಟ್‌ಗಳನ್ನು ತೂರಿಸಿ, ಬಿಳಿ ಗೆರೆಗಳು ಒಂದಕ್ಕೊಂದು ಕೂಡುವವರೆಗೆ ನಕಲನ್ನು ಒತ್ತಿ ಹಿಡಿದು ಬಿಗಿಸಿ. ಲಿಂಕ್ ರಾಡ್, ಬ್ರೇಕ್ ಹೋಸ್, ಸೆನ್ಸರ್ ವೈರ್ ಮೊದಲಿದ್ದ ಜಾಗಕ್ಕೇ. ಹೋಸ್ ತಿರುಚಿಕೊಂಡಿರಬಾರದು, ವೈರ್ ಟೈರಿಗೆ ತಾಗಬಾರದು. ಚಕ್ರದ ನಟ್ಟುಗಳನ್ನು ಎದುರುಬದುರು ಬಿಗಿಸಿ, ಕಾರು ಇಳಿಸಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮುಗಿಸಿ. ಇನ್ನೊಂದು ಬದಿಗೂ ಇದೇ ಕೆಲಸ. ಎಡಗಡೆಗೆ ನನಗೆ ಅರ್ಧ ದಿನ ಹಿಡಿಯಿತು, ಬಲಗಡೆಗೆ ಒಂದೂವರೆ ಗಂಟೆ.

ಮತ್ತೆ ಸ್ಪ್ರಿಂಗಿಗೆ ಬೆರಳು ತಾಗಿಸಿ ಸ್ಟೀರಿಂಗ್ ತಿರುಗಿಸಿ ನೋಡಿ. ಮೊದಲ ಓಟ ಕಾಲೋನಿಯೊಳಗೇ ಇರಲಿ, ಮೆಲ್ಲಗೆ. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಉರಿದರೆ ಸೆನ್ಸರ್ ವೈರನ್ನು ನೋಡಿ. ನೂರು ಕಿಲೋಮೀಟರ್ ಆದಮೇಲೆ ನಟ್ಟುಗಳಿಗೆಲ್ಲ ಇನ್ನೊಮ್ಮೆ ರೆಂಚ್ ಹಾಕಿ.

ಬಿಳಿ ಗೆರೆ ಎಷ್ಟು ಸರಿಯಾಗಿ ಕೂಡಿದರೂ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರಿನ ಒಳ ಅಂಚು ಸವೆಯುತ್ತಾ ಹೋಗುತ್ತದೆ, ಗೊತ್ತಾಗುವುದು ತಡವಾಗಿ. ಅಲೈನ್‌ಮೆಂಟ್ ಅಂಗಡಿಯವರಿಗೆ ಕರೆಂಟ್ ಗಾಡಿಯ ಭಯ ಅಷ್ಟಿಲ್ಲ. ಜಾಕಿ ಎಲ್ಲಿ ಕೊಡಬೇಕೆಂದು ಮಾತ್ರ ಪಕ್ಕದಲ್ಲಿ ನಿಂತು ನೀವೇ ತೋರಿಸಿ.